ಕುರ್ಚಿಯಿಂದ ಏಳೋದನ್ನ ಮತ್ತೆ ಕಲಿತೆ

2021ರ ಮೇ, ಕೊರೊನಾ ಎರಡನೇ ಅಲೆ. 18 ದಿನ ಆಸ್ಪತ್ರೆಯಲ್ಲಿದ್ದೆ, ಅದರಲ್ಲಿ 9 ದಿನ ಐಸಿಯು. ಮನೆಗೆ ಬಂದಾಗ ವೈರಸ್ ಹೋಗಿತ್ತು, ಜೊತೆಗೆ ತೊಡೆಯ ಮಾಂಸವೂ ಕರಗಿತ್ತು. ಸ್ನಾನಕ್ಕೆ ಮಣೆ ಮೇಲೆ ಕೂತವನಿಗೆ ಮತ್ತೆ ಏಳೋಕೆ ಆಗಲಿಲ್ಲ. ಹೆಂಡತಿ ಕಂಕುಳಿಗೆ ಕೈ ಹಾಕಿ ಎತ್ತಿದಳು. ಮಾರನೇ ದಿನ ಎತ್ತರದ ಪ್ಲಾಸ್ಟಿಕ್ ಸ್ಟೂಲ್ ತಂದೆವು, ಮನೆಗೆ ಬಂದ ಮೇಲೆ ಕೊಂಡ ವಸ್ತುಗಳಲ್ಲಿ ನನಗೆ ಜಾಸ್ತಿ ಉಪಯೋಗ ಆಗಿದ್ದು ಅದೇ.

ಫಿಸಿಯೋಥೆರಪಿಸ್ಟ್ ವಿಡಿಯೋ ಕಾಲ್‌ನಲ್ಲಿ ಹೇಳಿಕೊಟ್ಟರು. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಏಳಿ, ನಿಧಾನಕ್ಕೆ ಕೂರಿ. ಮೊದಲ ದಿನ ಕೈ ಊರಿಕೊಂಡು 2 ಸಲ, ಅಷ್ಟೇ. ಮೂಗಿನಿಂದ ಉಸಿರು ತಗೊಂಡು, ಬಿಸಿ ಕಾಫಿ ಊದುವ ಹಾಗೆ ತುಟಿ ಸೇರಿಸಿ, ತಗೊಂಡದ್ದರ ಎರಡರಷ್ಟು ಹೊತ್ತು ಬಿಡಬೇಕು. ಉಸಿರು ಒಳಗೆ ಎಳೆದರೆ ಚೆಂಡು ಮೇಲೇರುವ, ಮೂರು ಚೆಂಡಿನ ಸ್ಪೈರೋಮೀಟರ್ ಅನ್ನೋ ಸಾಧನ ಕೊಟ್ಟಿದ್ದರು. ನಾನು ಮೂರನ್ನೂ ಏರಿಸಬೇಕು ಅಂತ ಜೋರಾಗಿ ಎಳೆದು ಕೆಮ್ಮುತ್ತಿದ್ದೆ. ಒಂದೇ ಚೆಂಡು ಸಾಕು, ಆದರೆ ಅದು ಮೇಲೆ ಎರಡು ಮೂರು ಸೆಕೆಂಡು ನಿಲ್ಲಬೇಕು ಅಂದರು. ನಡೆಯುವಾಗ ಬೆರಳಿಗೆ ಆಕ್ಸಿಮೀಟರ್, ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ತೋರಿಸೋದು. ಕೂತಾಗ 95 ಇದ್ದದ್ದು ನಡೆದಾಗ 91ಕ್ಕೆ ಬಂದರೆ ನಿಲ್ಲಬೇಕು, ಅಂದರೆ 4 ಅಂಕ ಇಳಿದರೆ ಅಲ್ಲಿಗೆ ಮುಗೀತು.

ಅಮ್ಮ ಗಂಜಿ ಕುಡಿ ಅನ್ನುತ್ತಿದ್ದರು. ಆದರೆ ಸ್ಟೆರಾಯ್ಡ್‌ನಿಂದ ಶುಗರ್ ಏರಿತ್ತು, ಮಾಂಸ ಬೆಳೆಯೋಕೆ ಪ್ರೋಟೀನ್ ಬೇಕಿತ್ತು. ದಿನಕ್ಕೆ ಎರಡು ಮೊಟ್ಟೆ, ಸಂಜೆ ಮೊಳಕೆ ಹೆಸರುಕಾಳಿನ ಉಸಲಿ.

ಆರನೇ ವಾರ ಒಂದು ತಪ್ಪು ಮಾಡಿದೆ. ಅವತ್ತು ಮೈ ಹಗುರ ಅನಿಸಿತು, ಸಂತೆಗೆ ನಡೆದುಕೊಂಡೇ ಹೋಗಿ ಎರಡು ಚೀಲ ತರಕಾರಿ ಹೊತ್ತು ತಂದೆ, ಅವತ್ತು ಏನೂ ಆಗಲಿಲ್ಲ, ಮಾರನೇ ದಿನ ಹಲ್ಲುಜ್ಜೋಕೂ ಕೈ ಎತ್ತಲಾಗದೆ ನಾಲ್ಕು ದಿನ ಮಲಗಿಬಿಟ್ಟೆ. ಸುಸ್ತು ತಡವಾಗಿ ಬರುತ್ತದೆ, ಅಲ್ವಾ, ಅದಕ್ಕೇ ನಾವು ಮೋಸ ಹೋಗೋದು. ಆಮೇಲೆ ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಾ ಎಷ್ಟು ನಿಮಿಷ ನಡೆದೆ ಅಂತ ಬರೆದೆ, ಮರುದಿನ ಹೇಗಿದೆ ನೋಡಿಯೇ ಒಂದು ನಿಮಿಷ ಜಾಸ್ತಿ ಮಾಡಿದೆ. ಸರಿಯಿಲ್ಲದಿದ್ದರೆ ಅರ್ಧಕ್ಕೆ ಇಳಿಸಿದೆ. ಸುಮ್ನೆ ಹಟ ಮಾಡಿ ನಡೆಯಬೇಡಿ, ದಯವಿಟ್ಟು.

ಅಕ್ಟೋಬರ್‌ನಲ್ಲಿ ಟೆರೇಸಿಗೆ ಹತ್ತಿದೆ. 17 ಮೆಟ್ಟಿಲು, ಮಧ್ಯದಲ್ಲಿ ಒಂದು ಸಲ ನಿಂತೆ. ಮೇಲೆ ಹೋಗಿ ನೋಡಿದರೆ ಆಕ್ಸಿಮೀಟರ್ 94. ಒಣಗಿದ ಬಟ್ಟೆ ತೆಗೆದುಕೊಂಡು ಇಳಿದೆ.