ಹುಡುಗನನ್ನು ಬೈಯುವ ಮುನ್ನ ಕೌಂಟರ್ ನೋಡಿ

ಮುಂಬಯಿ, ಠಾಣೆ ಕಡೆ ಹೋಟೆಲು, ಅಂಗಡಿ ನಡೆಸುತ್ತಿರುವ ನಮ್ಮವರಿಗೆ ಒಂದು ಮಾತು. ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದ್ದರೆ, ಹುಡುಗನನ್ನು ಬದಲಿಸುವ ಮೊದಲು ಕೇಳಿಕೊಳ್ಳಿ: ಇವನ ಜಾಗದಲ್ಲಿ ಬೇರೆಯವನಿದ್ದರೂ ಇದೇ ಆಗುತ್ತಿತ್ತೇ?

ಪಾರ್ಸೆಲ್‌ನಲ್ಲಿ ಚಟ್ನಿ ಬಿಟ್ಟುಹೋಗುವುದನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಒಂಬತ್ತರ ಗಡಿಬಿಡಿಯಲ್ಲಿ ಕಟ್ಟುವವನ ಪಕ್ಕ ಅರ್ಧ ಗಂಟೆ ಸುಮ್ಮನೆ ನಿಲ್ಲಿ. ಸಾಂಬಾರ್ ಪೊಟ್ಟಣ ಕೈಗೆಟಕುವಲ್ಲಿ, ಚಟ್ನಿ ಹಿಂದಿನ ಫ್ರಿಜ್‌ನಲ್ಲಿ. ಆರ್ಡರ್ ಅರ್ಧ ಚೀಟಿಯಲ್ಲಿ, ಅರ್ಧ ಬಾಯಲ್ಲಿ, ಆನ್‌ಲೈನಿನದು ಮೊಬೈಲಿನಲ್ಲಿ. ಹೀಗಿದ್ದರೆ ಎಂಥ ಚುರುಕಿನವನೂ ಮರೆಯುತ್ತಾನೆ. ಚಟ್ನಿಯನ್ನು ಸಾಂಬಾರಿನ ಪಕ್ಕಕ್ಕೆ ತನ್ನಿ, ಎಲ್ಲ ಆರ್ಡರೂ ಚೀಟಿಯಲ್ಲೇ ಬರಲಿ, ಕಟ್ಟಿದ ಮೇಲೆ ಆ ಚೀಟಿಯನ್ನು ಚೀಲಕ್ಕೇ ಪಿನ್ ಮಾಡಲಿ.

ವಿಮಾನದಲ್ಲೂ ಹೀಗೇ ಆಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನದ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಚುವ ಪಟ್ಟಿ) ಬದಲು ಚಕ್ರಗಳನ್ನೇ ಒಳಕ್ಕೆಳೆದುಬಿಡುತ್ತಿದ್ದರು. ಪೈಲಟ್‌ನದೇ ತಪ್ಪು ಎನ್ನುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ಹೋಗಿ ನೋಡಿದರೆ, ಎರಡೂ ಸ್ವಿಚ್ಚುಗಳು ಅಕ್ಕಪಕ್ಕ, ಒಂದೇ ಥರ! ಚಕ್ರದ ಸ್ವಿಚ್ಚಿಗೆ ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪಿನದಕ್ಕೆ ಬೆಣೆಯಾಕಾರದ ತುದಿ ಹಾಕಿಸಿದರು. ಕೈ ತಾಗಿದರೇ ಗೊತ್ತಾಗುವಂತೆ ಮಾಡಿದರು.

ಬೇಕೆಂದೇ ಕದಿಯುವವನ ವಿಷಯ ಬೇರೆ, ಅದನ್ನು ಇದಕ್ಕೆ ಬೆರೆಸಬೇಡಿ. ಆದರೆ ಊರು ಬಿಟ್ಟು ಬಂದ ಹುಡುಗರು ಬೈಗುಳಕ್ಕೆ ಹೆದರಿ ತಪ್ಪು ಮುಚ್ಚಿಡಲು ಕಲಿತರೆ, ತೊಡಕು ಎಲ್ಲಿದೆಯೆಂದು ನಿಮಗೆ ತಿಳಿಯುವುದೇ ಇಲ್ಲ. "ಯಾಕೆ ಹೀಗೆ ಮಾಡಿದೆ?" ಬೇಡ. "ಎಲ್ಲಿ ಕಷ್ಟ ಆಗ್ತಿದೆ ಮಾರಾಯ, ತೋರ್ಸು" ಎನ್ನಿ. ಅದನ್ನೂ ಗಿರಾಕಿಗಳ ಎದುರಲ್ಲ, ಮಧ್ಯಾಹ್ನ ಮೂರರ ಬಿಡುವಿನಲ್ಲಿ ಕೇಳಿ.