ನೆಟ್‌ವರ್ಕ್ ಸ್ವಿಚ್ ಆಫ್ ಮಾಡುವ ಮೊದಲು ಲೈಟು ನೋಡಿ

ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಗಳಿಂದ ಹಿಡಿದು ಅಂತರಸನಹಳ್ಳಿಯ ಫ್ಯಾಕ್ಟರಿಗಳವರೆಗೆ ನೆಟ್‌ವರ್ಕ್ ರಿಪೇರಿ ನನ್ನ ಕೆಲಸ. "ನೆಟ್ ಬರ್ತಿಲ್ಲ" ಅಂತ ಫೋನ್ ಬಂದರೆ ಮೊದಲು ಹೇಳುವುದು ಇದನ್ನೇ: ಸ್ವಿಚ್ ಆಫ್ ಮಾಡಬೇಡಿ, ಲೈಟು ನೋಡಿ. ಸ್ವಿಚ್ ಅಂದರೆ ಗೋಡೆಯ ಕರೆಂಟ್ ಸ್ವಿಚ್ಚಲ್ಲ, ಕಂಪ್ಯೂಟರ್, ಪ್ರಿಂಟರ್‌ಗಳ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿ. ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ, ನಿಜ. ಆದರೆ ಯಾಕೆ ಕೆಟ್ಟಿತ್ತು ಅನ್ನುವುದು ಗೊತ್ತಾಗುವುದಿಲ್ಲ. ನಾಲ್ಕು ದಿನ ಬಿಟ್ಟು ಅದೇ ತೊಂದರೆ ಮತ್ತೆ ಬರುತ್ತದೆ.

ಒಂದೇ ಕಂಪ್ಯೂಟರಿಗೆ ಬರ್ತಿಲ್ವಾ, ಎಲ್ಲಕ್ಕೂ ಇಲ್ವಾ? ಒಂದಕ್ಕೆ ಮಾತ್ರ ಅಂದರೆ ಆ ಕೇಬಲ್, ಅದನ್ನು ಸ್ವಿಚ್ಚಿನಲ್ಲಿ ಸಿಕ್ಕಿಸುವ ಪೋರ್ಟು ಅಥವಾ ಆ ಕಂಪ್ಯೂಟರ್ ನೋಡಿ. ಎಲ್ಲಕ್ಕೂ ಇಲ್ಲ ಅಂದರೆ ಸ್ವಿಚ್ಚಿನ ಅಡಾಪ್ಟರ್, ರೂಟರಿಗೆ ಹೋಗುವ ಕೇಬಲ್, ಇಲ್ಲವೇ ಲೂಪ್ (ಸ್ವಿಚ್ಚಿನಿಂದ ಹೊರಟ ಕೇಬಲ್ ಸುತ್ತಿ ಅದೇ ಸ್ವಿಚ್ಚಿಗೆ ಬಂದು ಸೇರುವುದು). ಇಂಟರ್‌ನೆಟ್ ಇಲ್ಲದಿದ್ದರೂ ಸ್ವಿಚ್ಚಿಗೇ ಹಾಕಿರುವ ಪ್ರಿಂಟರ್ ಎಲ್ಲರಿಗೂ ಓಡುತ್ತಿದ್ದರೆ ಸ್ವಿಚ್ ಚೆನ್ನಾಗಿದೆ. ರೂಟರ್ ಕಡೆ ಹೋಗಿ.

ಪೋರ್ಟಿನ ಲೈಟೇ ಹತ್ತಿಲ್ಲವಾ? ಕೇಬಲನ್ನು ಕೆಲಸ ಮಾಡುತ್ತಿರುವ ಪೋರ್ಟಿಗೆ ಹಾಕಿ ನೋಡಿ. ಅಲ್ಲೂ ಹತ್ತದಿದ್ದರೆ ಕೇಬಲ್ ಬದಲಿಸಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಕೇಬಲ್, ಪೋರ್ಟು ಎರಡೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದು ಅಂತ ಹೇಳುವುದು ಹೇಗೆ?

ಲೈಟು ಹತ್ತಿದ ಮಾತ್ರಕ್ಕೆ ಕೇಬಲ್ ಸರಿಯಿದೆ ಅಂತಲ್ಲ. ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೈಟು ಹತ್ತಿತ್ತು, ಆದರೆ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟು 100 ಎಂಬಿಪಿಎಸ್‌ನಲ್ಲೇ ನಿಂತಿತ್ತು. 100ಕ್ಕೆ ನಾಲ್ಕು ತಂತಿ ಸಾಕು: ಪಿನ್ 1, 2, 3, 6. ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಜೋಡಿ ಕಡಿದರೆ ಬಹಳಷ್ಟು ಸ್ವಿಚ್‌ಗಳು ತಾವೇ 100ಕ್ಕೆ ಇಳಿದುಬಿಡುತ್ತವೆ. ಚೀಲಗಳ ಹಿಂದೆ ಕೈಹಾಕಿ ಕೇಬಲ್ ಎಳೆದರೆ ಇಲಿ ಮೇಲಿನ ಸಿಪ್ಪೆ ಕಡಿದು, ಕಂದು ತಂತಿಯನ್ನು ತುಂಡು ಮಾಡಿತ್ತು. ಇಂಥ ಜಾಗದಲ್ಲಿ ಕೇಬಲನ್ನು ಪೈಪಿನೊಳಗೇ ಎಳೆಯಿರಿ. ಹೊಸ ಕನೆಕ್ಟರ್ ಹಾಕುವಾಗ ಎರಡೂ ತುದಿಗೆ ಒಂದೇ ಕ್ರಮ ಇರಲಿ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ತಂತಿಗಳ ಹೆಣಿಗೆಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬೇಡಿ. ದುಡ್ಡು ಉಳಿಸಲು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ತರಬೇಡಿ, ದಯವಿಟ್ಟು. ಸ್ವಲ್ಪ ಬಾಗಿಸಿ ಎಳೆದರೂ ಕಡಿಯುತ್ತದೆ. ತಾಮ್ರದ ಕೇಬಲ್ಲಿಗೆ 100 ಮೀಟರ್ ಮಿತಿ. ವಸಂತನರಸಾಪುರದ ಉದ್ದನೆಯ ಶೆಡ್ಡುಗಳಲ್ಲಿ ಅದು ಸಾಲದು, ಅಲ್ಲಿ ಫೈಬರ್ ಹಾಕಿ.

ಎಲ್ಲ ಲೈಟುಗಳೂ ಒಟ್ಟಿಗೆ, ಬಿಡದೆ, ಹುಚ್ಚು ಹಿಡಿದಂತೆ ಮಿಟುಕುತ್ತಿದ್ದರೆ ಲೂಪ್ ಆಗಿದೆ ಅನ್ನಿ. ಕಸ ಗುಡಿಸುವಾಗ ನೇತಾಡುತ್ತಿದ್ದ ತುದಿಯನ್ನು ಯಾರೋ ಅದೇ ಸ್ವಿಚ್ಚಿಗೆ ಸಿಕ್ಕಿಸಿರುತ್ತಾರೆ. ಕೇಬಲ್ಲಿನಲ್ಲಿ ಓಡುವ ಡೇಟಾದ ತುಂಡಿಗೆ, ಅಂದರೆ ಈಥರ್‌ನೆಟ್ ಫ್ರೇಮಿಗೆ, ಆಯಸ್ಸು ಅಂತ ಇಲ್ಲ. ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಸುತ್ತುತ್ತಲೇ ಇರುತ್ತದೆ, ಸುತ್ತಿದಷ್ಟೂ ಹೆಚ್ಚುತ್ತದೆ. ಬೇರೆ ಸ್ವಿಚ್ಚಿಗೆ ಹೋಗುವ ಕೇಬಲ್‌ಗಳಿಂದ ಶುರು ಮಾಡಿ, ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ಲೈಟು ತಣ್ಣಗಾಯಿತೋ ಅದೇ ಕಳ್ಳ. ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದದ್ದು) ಇದ್ದರೆ, ಲೂಪ್ ಆಗುವ ದಾರಿಯನ್ನು ತಾನೇ ಮುಚ್ಚುವ ಸ್ಪ್ಯಾನಿಂಗ್ ಟ್ರೀ ಆನ್ ಮಾಡಿ. ಹಳೆಯ ಬಗೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಪೋರ್ಟು ತೆರೆಯಲು ಸುಮಾರು 30 ಸೆಕೆಂಡ್ ಬೇಕು. ಕಂಪ್ಯೂಟರ್ ಪೋರ್ಟುಗಳಿಗೆ ಪೋರ್ಟ್‌ಫಾಸ್ಟ್ ಅನ್ನುವ ಸೆಟ್ಟಿಂಗ್ ಹಾಕಿದರೆ ಆ ಕಾಯುವಿಕೆ ಇಲ್ಲ. ಇನ್ನೊಂದು ಸ್ವಿಚ್ಚಿಗೆ ಹೋಗುವ ಪೋರ್ಟಿಗೆ ಮಾತ್ರ ಅದನ್ನು ಹಾಕಲೇಬೇಡಿ.

ಲೈಟು ಸರಿ, ಸ್ಪೀಡೂ ಸರಿ, ಆದರೂ ಬರ್ತಿಲ್ಲ ಅಂದರೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿ, ಕಂಪ್ಯೂಟರಿನ ಐಪಿ ವಿಳಾಸ ಕಾಣುತ್ತದೆ. ವಿಳಾಸ 169.254 ಅಂತ ಶುರುವಾದರೆ, ವಿಳಾಸ ಹಂಚುವ ಡಿಎಚ್‌ಸಿಪಿ ಉತ್ತರ ಕೊಟ್ಟಿಲ್ಲ. ಮ್ಯಾನೇಜ್ಡ್ ಸ್ವಿಚ್ಚಾದರೆ ಆ ಪೋರ್ಟು ಬೇರೆ ವಿಲ್ಯಾನ್‌ಗೆ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕಿಗೆ) ಸೇರಿದೆಯಾ ನೋಡಿ. ವಿಳಾಸ ಸರಿಯಿದ್ದರೆ ಗೇಟ್‌ವೇಗೆ, ಅಂದರೆ ರೂಟರಿನ ವಿಳಾಸಕ್ಕೆ, ಪಿಂಗ್ ಮಾಡಿ (ping ಅಂತ ಬರೆದು ಆ ವಿಳಾಸ ಕೊಟ್ಟರೆ ಉತ್ತರ ಬರುತ್ತದಾ ಗೊತ್ತಾಗುತ್ತದೆ). ನಡುನಡುವೆ ಉತ್ತರ ತಪ್ಪುತ್ತಿದ್ದರೆ ಮ್ಯಾನೇಜ್ಡ್ ಸ್ವಿಚ್ಚಿನಲ್ಲಿ ಪೋರ್ಟಿನ ಸಿಆರ್‌ಸಿ ಎಣಿಕೆ, ಅಂದರೆ ಕೆಟ್ಟು ಬಂದ ಫ್ರೇಮುಗಳ ಲೆಕ್ಕ, ನೋಡಿ. ಅದು ಏರುತ್ತಿದ್ದರೆ ಮತ್ತೆ ಕೇಬಲ್ಲಿಗೇ ಬನ್ನಿ.

ಹಗಲೆಲ್ಲ ಚೆನ್ನಾಗಿದ್ದ ಕ್ಯಾಮೆರಾ ಕತ್ತಲಾದ ಮೇಲೆ ಆಫ್ ಆಗುತ್ತದೆಯಾ? ರಾತ್ರಿ ಇನ್ಫ್ರಾರೆಡ್ ದೀಪ ಹತ್ತಿದಾಗ ಅದು ಜಾಸ್ತಿ ಕರೆಂಟು ಎಳೆಯುತ್ತದೆ. ಕ್ಯಾಮೆರಾಗೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟು ಕೊಡುವ ಸಾಮಾನ್ಯ ಪಿಒಇ ಪೋರ್ಟು 15.4 ವ್ಯಾಟ್‌ವರೆಗೆ ಕೊಡುತ್ತದೆ, ಆದರೆ ಎಂಟು ಪೋರ್ಟಿಗೂ ಸೇರಿ ಸ್ವಿಚ್ಚಿನ ಒಟ್ಟು ಶಕ್ತಿ 60 ವ್ಯಾಟ್ ಮಾತ್ರ ಇರಬಹುದು. ಸ್ವಿಚ್ಚಿನ ಕೆಳಗಿನ ಲೇಬಲ್ ಓದಿ, ಎರಡು ಕ್ಯಾಮೆರಾ ಬಿಚ್ಚಿ ಒಂದು ರಾತ್ರಿ ನೋಡಿ. ಉಳಿದವು ಬೆಳಗಿನವರೆಗೆ ನಿಂತರೆ ದೊಡ್ಡ ಸ್ವಿಚ್ ತರಬೇಕು, ಇಲ್ಲವೇ ಆ ಎರಡಕ್ಕೆ ಬೇರೆ ಅಡಾಪ್ಟರ್ ಕೊಡಬೇಕು.