ಕಾಲು ಸೋತ ಹೇಂಟೆಗೆ ಮೊದಲು ಸಿಂಬೆ

ಈಚೆಗೆ ಒಂದು ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಒಂದು ಎಳೆ ಹೇಂಟೆಯನ್ನು ತಂದ. ತಂದದ್ದು ಹೇಗೆ ಅಂತೀರಿ? ಎರಡೂ ಕಾಲು ಹಿಡಿದು, ತಲೆ ಕೆಳಗೆ ಮಾಡಿ, ಸಂತೆಗೆ ಒಯ್ಯುವ ಹಾಗೆ. 'ಅಜ್ಜಿ, ನಿನ್ನೆ ಸಂಜೆವರೆಗೂ ಓಡಾಡಿಕೊಂಡಿತ್ತು, ಇವತ್ತು ಕಾಲೇ ಊರುತ್ತಿಲ್ಲ' ಅಂದ. ಕಾಲು ಸೋತ ಕೋಳಿಯನ್ನು ಕಾಲಲ್ಲೇ ನೇತಾಡಿಸಿಕೊಂಡು ಬಂದಿದ್ದಾನೆ! ಸಾಲದ್ದಕ್ಕೆ ಮನೆಯಲ್ಲಿದ್ದ ನೋವಿನ ಮಾತ್ರೆ ಅರೆದು, ಕೊಕ್ಕು ಅಗಲಿಸಿ ಲೋಟದಿಂದ ನೀರು ಸುರಿದಿದ್ದರಂತೆ. ಚೆನ್ನಾಗಿ ಬೈದೆ.

ಕೋಳಿಯ ನಾಲಿಗೆಯ ಹಿಂದೆಯೇ ಉಸಿರಿನ ತೂತು ಇದೆ. ಸುರಿದ ನೀರು ನೇರ ಅಲ್ಲಿಗೇ ಹೋಗುತ್ತದೆ. ಕಾಲಿನಿಂದ ಸಾಯದ ಕೋಳಿ ನೀರಿನಿಂದ ಸಾಯುತ್ತದೆ. ಬೆರಳು ಅದ್ದಿ ಕೊಕ್ಕಿನ ಅಂಚಿಗೆ ಒಂದು ಹನಿ ಮುಟ್ಟಿಸಿ, ಅದೇ ಚಪ್ಪರಿಸುತ್ತದೆ. ಮತ್ತೆ ಒಂದು ಹನಿ. ಅಷ್ಟು ತಾಳ್ಮೆ ಇಲ್ಲದವರು ಕೋಳಿ ಸಾಕಬಾರದು.

ಮೊದಲು ಕೈಯಲ್ಲಿ ಮೊಬೈಲ್ ಹಿಡಿಯಬೇಡಿ, ಕೋಳಿ ಹಿಡಿಯಿರಿ. ರೆಕ್ಕೆ ಸೇರಿಸಿ ಎದೆಗೆ ಒತ್ತಿಕೊಂಡು, ತೊಡೆಯಿಂದ ಉಗುರಿನವರೆಗೆ ಬೆರಳಾಡಿಸಿ. ಪಾದದ ಅಡಿ ಕಪ್ಪು ಹಕ್ಕಳೆ ಕಟ್ಟಿ ಊದಿದೆಯಾ? ಮುಳ್ಳು ಇದೆಯಾ? ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾಟ, ಬಲೆಯ ನೈಲಾನ್ ನೂಲು. ಬಲೆ ದುರಸ್ತಿ ಮಾಡಿದ ಜಾಗದಲ್ಲಿ ಕೆದಕುವ ಕೋಳಿಯ ಕಾಲಿಗೆ ಅದು ಸುತ್ತಿಕೊಳ್ಳುತ್ತದೆ. ನಮ್ಮ ಕೆಂಪು ಹೇಂಟೆ ಕುಂಟಿದಾಗ ಎರಡು ದಿನ ಎಣ್ಣೆ ತಿಕ್ಕಿದೆವು. ಮೂರನೇ ದಿನ ನೋಡಿದರೆ ಕೂದಲಿನಷ್ಟು ಸಣ್ಣ ನೂಲು ಚರ್ಮದೊಳಗೆ ಹೂತು ಹೋಗಿತ್ತು. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಗಾಯವೇನೂ ಕಾಣದಿದ್ದರೆ ಅದು ತಿನ್ನುವುದನ್ನು ಯೋಚಿಸಿ. ಈಗಿನವರು ಬಿಳಿ ಅಕ್ಕಿಯ ನುಚ್ಚು ಒಂದನ್ನೇ ಹಾಕಿ ಕೈತೊಳೆದುಕೊಳ್ಳುತ್ತಾರೆ. ನಮ್ಮ ಅತ್ತೆ ತೌಡಿಲ್ಲದೆ ಕೋಳಿಗೆ ಏನನ್ನೂ ಕಲಸುತ್ತಿರಲಿಲ್ಲ. ಅವರಿಗೆ ಕಾರಣ ಗೊತ್ತಿರಲಿಲ್ಲ, ರೂಢಿ ಗೊತ್ತಿತ್ತು. ಕಾರಣವನ್ನು ಆಮೇಲೆ ನನಗೆ ಓದಿ ಹೇಳಿದವಳು ಮೊಮ್ಮಗಳು. ಜಾವಾದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತೌಡಿರುವ ಅಕ್ಕಿ ಕೊಟ್ಟಾಗ ಅವೇ ಎದ್ದು ನಡೆಯುವುದನ್ನೂ ಕಂಡರಂತೆ. ಆ ಕೆಲಸಕ್ಕೆ 1929ರಲ್ಲಿ ಅವರಿಗೆ ನೊಬೆಲ್ ಬಂತು. ತೌಡಿನಲ್ಲಿರುವ ಬಿ1 ಜೀವಸತ್ವದ ಗುಣ ಅದು. ಅದಕ್ಕೇ ಹೇಳುವುದು, ತೌಡು ಹಾಕಿ. ಆದರೆ ಹೊಸ ತೌಡು ಇರಲಿ. ಕಮಟು ವಾಸನೆ ಬಂದದ್ದು ಬೇಡ.

ಇನ್ನೊಂದು, ಹೇಂಟೆ ಮೊದಲ ಮೊಟ್ಟೆಗೆ ಬಂದಿದೆಯಾ ನೋಡಿ. ಒಂದು ಮೊಟ್ಟೆಯ ಸಿಪ್ಪೆ ಕಟ್ಟಲು ಸುಮಾರು 20 ಗಂಟೆ ಬೇಕು, 2 ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ತಿನ್ನುವುದರಲ್ಲಿ ಸಿಗದಿದ್ದರೆ ಅದು ತನ್ನ ಎಲುಬಿನಿಂದಲೇ ತೆಗೆಯುತ್ತದೆ. ಕಾಲು ಕುಸಿಯದೆ ಇರುತ್ತದಾ? ಮಳೆಗಾಲದಲ್ಲಿ ಬಿಸಿಲೂ ಇಲ್ಲ, ಬಿಸಿಲಿಲ್ಲದೆ ಆ ಕ್ಯಾಲ್ಸಿಯಂ ಮೈಗೆ ಹತ್ತುವುದೂ ಇಲ್ಲ. ನಮಗೆ ಅಘನಾಶಿನಿ ಹೊಳೆಯ ಬಳಚು, ಅಂದರೆ ಚಿಪ್ಪುಮೀನು, ಇರುವಾಗ ಅಂಗಡಿಗೆ ಯಾಕೆ ಓಡಬೇಕು? ಸಾರು ಮಾಡಿ ಉಳಿದ ಚಿಪ್ಪನ್ನು ತೊಳೆದು, ಒಣಗಿಸಿ, ಒರಳಲ್ಲಿ ಜಜ್ಜಿ. ಹಿಟ್ಟಾಗಬಾರದು, ದಪ್ಪ ರವೆಯ ಹಾಗಿರಲಿ. ಬೇರೆ ಗರಟೆಯಲ್ಲಿ ಸಂಜೆ ಇಡಿ. ಸಿಪ್ಪೆ ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುತ್ತದೆ. ಆಹಾರಕ್ಕೆ ಬೆರೆಸಿ ಮರಿಗಳಿಗೂ ತಿನ್ನಿಸಬೇಡಿ, ಜಾಸ್ತಿಯಾದರೆ ಅವುಗಳ ಮೂತ್ರಪಿಂಡ ಕೆಡುತ್ತದೆ. ಚಿಪ್ಪು ಸುಟ್ಟರೆ ಸುಣ್ಣ, ಸುಣ್ಣವೂ ಕ್ಯಾಲ್ಸಿಯಮ್ಮೇ ಅಲ್ವಾ ಅಂತ ಎಲೆಗೆ ಹಚ್ಚುವ ಸುಣ್ಣ ನೆಕ್ಕಿಸಿದವರನ್ನೂ ಕಂಡಿದ್ದೇನೆ. ಬಾಯಿ ಗಂಟಲು ಸುಟ್ಟು ಹೋಗುತ್ತದೆ.

ಬಳಚಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ತಂದ ಕೂಡಲೇ ಒಲೆಗೆ ಏರಿಸಬೇಡಿ. ಉಪ್ಪುನೀರಿನಲ್ಲಿ ಒಂದೆರಡು ತಾಸು ಬಿಡಿ, ಮರಳು ಉಗುಳಲಿ. ನಮ್ಮ ಸೊಸೆ ಮಾಡಿದ ಬಳಚಿನ ಸುಕ್ಕ ರುಚಿ ಚೆನ್ನಾಗಿಯೇ ಇರುತ್ತದೆ, ಆದರೆ ಹಲ್ಲಿನಡಿ ಕರಕರ ಅಂದರೆ ಏನು ಸುಖ?

ಈಗ ಸಿಂಬೆ. ಇದೊಂದನ್ನು ನಾನು ಹೇಳಿದ ಹಾಗೇ ಮಾಡಿ.

ಕಾಲು ಸೋತ ಕೋಳಿ ಒಂದು ಬದಿಗೆ ಮಗುಚಿ ಬೀಳುತ್ತದೆ. ಬಿದ್ದಲ್ಲೇ ರೆಕ್ಕೆ ಬಡಿದು ಸುಸ್ತಾಗುತ್ತದೆ, ಹಿಕ್ಕೆಯಲ್ಲೇ ಹೊರಳುತ್ತದೆ, ಎದೆ ಎಲುಬಿನ ಮೇಲೆ ಹುಣ್ಣಾಗುತ್ತದೆ. ಹಾಗಾಗಿ ಅದನ್ನು ನೆಟ್ಟಗೆ ಕೂರಿಸಬೇಕು. ನಮ್ಮ ಕೇರಿಯ ಹೆಂಗಸರು ಮೀನುಬುಟ್ಟಿ ಹೊರುವಾಗ ತಲೆಗೆ ಇಡುವ ಸಿಂಬೆ ಗೊತ್ತಲ್ಲ? ಅದನ್ನೇ ಕೋಳಿಗೆ ಮಾಡಿ. ಹಳೇ ಹತ್ತಿ ಸೀರೆಯೇ ಬೇಕು. ನೈಲಾನ್ ಸೀರೆ ಜಾರುತ್ತದೆ, ತೇವ ಹೀರುವುದಿಲ್ಲ, ಉಗುರೂ ಸಿಕ್ಕುತ್ತದೆ. ಸೀರೆಯನ್ನು ಉದ್ದಕ್ಕೆ ಹಿಂಡಿದ ಹಾಗೆ ಹುರಿ ಮಾಡಿ, ನಿಮ್ಮ ಮುಂಗೈ ದಪ್ಪಕ್ಕೆ ಸುತ್ತುತ್ತಾ ಬನ್ನಿ. ಬಿಗಿ ಜಾಸ್ತಿ ಆದರೆ ಕಲ್ಲಿನ ಹಾಗೆ ಒತ್ತುತ್ತದೆ, ಸಡಿಲ ಆದರೆ ರಾತ್ರಿ ಕುಸಿಯುತ್ತದೆ. ಬೆರಳಲ್ಲಿ ಒತ್ತಿದರೆ ತಗ್ಗಿ ಮತ್ತೆ ಏಳಬೇಕು, ಇಡ್ಲಿ ಹದ.

ನಡುವಿನ ತೂತು ಎಷ್ಟಿರಬೇಕು? ಕೋಳಿಯ ಎದೆ ಸಿಂಬೆಯ ಮೇಲೆ ಒರಗಬೇಕು, ಹೊಟ್ಟೆ ತೂತಿನೊಳಗೆ ಇಳಿಯಬೇಕು, ಪಾದ ಮಾತ್ರ ಕೆಳಗಿನ ಹುಲ್ಲಿಗೆ ತಾಗಬೇಕು. ಭಾರ ಕಾಲಿನ ಮೇಲೆ ಬೀಳಬಾರದು, ಆದರೆ ಕಾಲಿಗೆ ನೆಲ ಗೊತ್ತಾಗಬೇಕು. ಹೆಡಿಗೆಯ ತಳಕ್ಕೆ ಒಣಹುಲ್ಲು ಹಾಸಿ ಸಿಂಬೆ ಇಡಿ. ಬಾಲದ ಕಡೆ ಸಿಂಬೆಯನ್ನು ಸ್ವಲ್ಪ ಬಿಚ್ಚಿ ತಗ್ಗು ಮಾಡಿ, ಹಿಕ್ಕೆ ಕೆಳಗೆ ಬೀಳಲು ದಾರಿ ಇರಲಿ. ಕೂರಿಸಿದ ಮೇಲೆ ಕೈ ಒಳಗೆ ಹಾಕಿ ಎರಡೂ ಪಾದ ಹೊಟ್ಟೆಯ ಅಡಿಗೆ ತಂದು, ಬೆರಳುಗಳನ್ನು ಒಂದೊಂದಾಗಿ ಮುಂದಕ್ಕೆ ಬಿಡಿಸಿ. ಇದನ್ನೇ ಎಲ್ಲರೂ ಮರೆಯುವುದು! ಮುದುಡಿದ ಬೆರಳು ಹಾಗೇ ಗಟ್ಟಿಯಾಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಎತ್ತಿ, ಹುಲ್ಲು ಬದಲಿಸಿ, ಕಾಲನ್ನು ಮೆಲ್ಲಗೆ ಮಡಚಿ ಬಿಡಿಸಿ, ಮತ್ತೆ ಕೂರಿಸಿ. ಗರಟೆಯಲ್ಲಿ ನೀರು, ಇನ್ನೊಂದರಲ್ಲಿ ತೌಡು ಕಲಸಿದ ಕುಚ್ಚಲಕ್ಕಿ ಅನ್ನ, ಕೊಕ್ಕಿಗೆ ನಿಲುಕುವಷ್ಟು ಹತ್ತಿರ. ಹೆಡಿಗೆ ಬೇರೆ ಕೋಳಿಗಳ ಕಣ್ಣಿಗೆ ಕಾಣಲಿ, ಕೊಕ್ಕಿಗೆ ಸಿಗದಿರಲಿ. ಒಂಟಿಯಾದ ಕೋಳಿ ತಿನ್ನುವುದೇ ಬಿಡುತ್ತದೆ. ಜೊತೆಗೆ ಬಿಟ್ಟರೆ ಉಳಿದವು ಕುಕ್ಕಿ ಕೊಲ್ಲುತ್ತವೆ.

ಎಲ್ಲಕ್ಕೂ ಸಿಂಬೆಯೇ ಮದ್ದಲ್ಲ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದರೆ ಮ್ಯಾರೆಕ್ಸ್ ರೋಗ ಇರಬಹುದು. ಎಳೆಯ ಕೋಳಿಗೇ ಜಾಸ್ತಿ ಬರುತ್ತದೆ, ಅದಕ್ಕೆ ಔಷಧಿ ಇಲ್ಲ. ಮೊಟ್ಟೆ ಒಡೆದ ಮೊದಲ ದಿನವೇ ಲಸಿಕೆ ಹಾಕಬೇಕು. ಮರಿ ಕೊಳ್ಳುವಾಗ ಅದನ್ನು ಕೇಳಿಯೇ ಕೊಳ್ಳಿ. ಹಾಗೆ ಬಿದ್ದ ಒಂದನ್ನು ನಾನು ಮೂರು ವಾರ ಸಿಂಬೆಯಲ್ಲಿ ಸಾಕಿದೆ. ಉಳಿಯಲಿಲ್ಲ, ಆದರೆ ಕೊನೆವರೆಗೂ ಹುಣ್ಣಾಗಲಿಲ್ಲ, ನನ್ನ ಕೈಯಿಂದ ತಿಂದಿತು. ಕುತ್ತಿಗೆ ತಿರುಚಿ ಹಸಿರು ಭೇದಿಯಾದರೆ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ, ಗುಮಾನಿ. ಒಂದೇ ಸಲ ಹಲವು ಕೋಳಿ ಬಿದ್ದರೆ ಮುಟ್ಟದೆ ಪಶುವೈದ್ಯರಿಗೆ ಹೇಳಿ, ಮನೆಮದ್ದು ಬೇಡ. ಪೆಂಗ್ವಿನ್ ಹಾಗೆ ನೆಟ್ಟಗೆ ನಿಂತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ. ಒತ್ತಿ ಒಡೆಯಬೇಡಿ.

ಹುಡುಗ ತಂದ ಹೇಂಟೆ ಮೊದಲ ಮೊಟ್ಟೆಯದ್ದು, ನುಚ್ಚು ತಿಂದು ಬೆಳೆದದ್ದು. ಆರನೇ ದಿನ ಸಿಂಬೆಯಿಂದ ಹೊರಗೆ ಕಾಲಿಟ್ಟಿತು. ಅವನು ಕೂಡಲೇ ಮನೆಗೆ ಒಯ್ಯಲು ಬಂದ, ಕೊಡಲಿಲ್ಲ. ಹೀಗೆ ಎದ್ದ ಕೋಳಿಯನ್ನು ಹತ್ತು ದಿನ ಎತ್ತರದ ಕೋಲಿಗೆ ಹತ್ತಲು ಬಿಡಬಾರದು, ಹಾರಿ ಇಳಿಯುವಾಗ ಕಾಲು ಮುರಿಯಬಹುದು. ಗೇಣೆತ್ತರದಲ್ಲಿ ಅಡಿಕೆ ದಬ್ಬೆ ಕಟ್ಟಿಕೊಟ್ಟಿದ್ದೇನೆ. ಈಗ ಅದರ ಮೇಲೆ ಕೂತಿದೆ.